ಕೊನೆಯ ಸಾಲು ಬಿಡಿ, ಮೊದಲ ಎರರ್ ಹುಡುಕಿ

ನಮ್ಮ ಊರುಗಳಿಂದ ಪುಣೆ, ಮುಂಬೈ, ಹೈದರಾಬಾದ್, ಚೆನ್ನೈಗಳ ಸಂಶೋಧನಾ ಸಂಸ್ಥೆಗಳಿಗೆ ಪಿಎಚ್‌ಡಿ ಮಾಡಲು ಬರುವ ಹುಡುಗ ಹುಡುಗಿಯರಿಗೆ ಮೊದಲ ವರ್ಷ ಎದುರಾಗುವ ದೊಡ್ಡ ತಲೆನೋವು ಅನೇಕ ಸಲ ವಿಜ್ಞಾನದ್ದಲ್ಲ, ಕಂಪೈಲರ್‌ದು. ಹವಾಮಾನ ಮಾದರಿ, ಅಣುಗಳ ಲೆಕ್ಕಾಚಾರದ ಪ್ಯಾಕೇಜು, ಇಂಥವುಗಳಲ್ಲಿ ಹಲವು ಮೊಬೈಲ್ ಆಪ್‌ನಂತೆ ಒಂದು ಗುಂಡಿ ಒತ್ತಿದರೆ ಬಂದು ಕೂರುವುದಿಲ್ಲ. ಸೋರ್ಸ್ ಕೋಡ್ ತಂದು, ನಿಮ್ಮ ಯಂತ್ರಕ್ಕೆ ತಕ್ಕಂತೆ ನೀವೇ ಕಂಪೈಲ್ ಮಾಡಿಕೊಳ್ಳಬೇಕು. 'ಮೇಕ್' ಎಂದು ಟೈಪ್ ಮಾಡಿ ಟೀ ಕುಡಿದು ಬರುವಷ್ಟರಲ್ಲಿ ಪರದೆಯ ತುಂಬ ಎರರ್. ಗೈಡ್ ಕೇಳುವುದು ಫಲಿತಾಂಶವನ್ನು. ಇಲ್ಲಿ ನೋಡಿದರೆ ಪ್ರೋಗ್ರಾಂ ಇನ್ನೂ ಹುಟ್ಟಿಯೇ ಇಲ್ಲ.

ಈ ಜಗಳಕ್ಕೆ ಒಂದು ಕ್ರಮವಿದೆ. ಉದಾಹರಣೆಗೆ ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾದರಿಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ಎನ್‌ಸಿಎಆರ್ ಮತ್ತಿತರ ಸಂಸ್ಥೆಗಳು ಸೇರಿ ಕಟ್ಟಿದ ಇದು ಬಹುಪಾಲು ಫೋರ್ಟ್ರಾನ್‌ನಲ್ಲಿದೆ. ಫೋರ್ಟ್ರಾನ್ 1957ರಲ್ಲಿ ಐಬಿಎಂನಿಂದ ಹೊರಬಂದ ಭಾಷೆ. ವಿಜ್ಞಾನಿಗಳ ನಡುವೆ ಇಂದಿಗೂ ಗಟ್ಟಿಯಾಗಿದೆ. ಡಬ್ಲ್ಯುಆರ್‌ಎಫ್ ಕಂಪೈಲ್ ಆಗಬೇಕಾದರೆ ಅದಕ್ಕೂ ಮೊದಲು ನೆಟ್‌ಸಿಡಿಎಫ್, ಅದರಡಿ ಎಚ್‌ಡಿಎಫ್5, ಅದರಡಿ ಜೆಡ್‌ಲಿಬ್, ಪಕ್ಕದಲ್ಲಿ ಎಂಪಿಐ ಸಾಮಾನ್ಯವಾಗಿ ಇರಬೇಕು. ಬುನಾದಿ ಸೊಟ್ಟಗಿದ್ದರೆ ಬಿರುಕು ಕಾಣುವುದು ಮೂರನೇ ಮಹಡಿಯಲ್ಲಿ.

ಮೊದಲ ನಿಯಮ: ಕೊನೆಯ ಸಾಲನ್ನು ನಂಬಬೇಡಿ. ಡಬ್ಲ್ಯುಆರ್‌ಎಫ್‌ನ ಕಂಪೈಲ್ ಸ್ಕ್ರಿಪ್ಟ್ ಎರರ್ ಬಂದರೂ ನಿಲ್ಲದೆ ಮುಂದಕ್ಕೆ ಓಡುತ್ತದೆ. ಒಂದು ಫೈಲು ಬಿದ್ದರೆ ಅದನ್ನು ನೆಚ್ಚಿಕೊಂಡ ನೂರಾರು ಫೈಲುಗಳು 'ಮಾಡ್ಯೂಲ್ ಫೈಲ್ ತೆರೆಯಲಾಗಲಿಲ್ಲ' ಎಂದು ಕೂಗುತ್ತವೆ. ಆ ನೂರು ಕೂಗು ರೋಗವಲ್ಲ, ಲಕ್ಷಣ. ಎಲ್ಲ ಔಟ್‌ಪುಟ್ಟನ್ನೂ ಒಂದು ಲಾಗ್ ಫೈಲಿಗೆ ಹಾಕಿ, ಮೇಲಿನಿಂದ 'ಎರರ್' ಎಂಬ ಪದ ಹುಡುಕಿ, ಮೊದಲು ಸಿಕ್ಕಿದ್ದನ್ನು ಓದಿ. ಒಂದೇ ಸಲ ಹಲವು ಕೋರ್‌ಗಳಲ್ಲಿ ಕಂಪೈಲ್ ಮಾಡಿದ್ದರೆ ಸಾಲುಗಳು ಕಲಸಿಹೋಗಿರುತ್ತವೆ. ಒಂದೇ ಕೋರ್‌ನಲ್ಲಿ ಮತ್ತೊಮ್ಮೆ ಓಡಿಸಿ. 'ಕಿಲ್ಡ್' ಎಂದಷ್ಟೇ ಬಂದಿದ್ದರೆ ಸಾಮಾನ್ಯವಾಗಿ ಕೋಡಿನ ತಪ್ಪಲ್ಲ, ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ ಕಂಪೈಲರ್‌ನ ಕತ್ತು ಹಿಸುಕಿದೆ.

ಎರಡನೆಯದು: ಯಾವ ಹಂತದ ಎರರ್ ಎಂದು ಗುರುತಿಸಿ. 'ಕಾನ್ಫಿಗರ್' ಹಂತದಲ್ಲಿ ನಿಂತರೆ, ಆಟೋಕಾನ್ಫ್ ಬಳಸುವ ಪ್ಯಾಕೇಜುಗಳಲ್ಲಿ ನಿಜವಾದ ಕಾರಣ ಪರದೆಯ ಮೇಲಲ್ಲ, ಕಾನ್ಫಿಗ್ ಡಾಟ್ ಲಾಗ್ ಎಂಬ ಫೈಲಿನಲ್ಲಿರುತ್ತದೆ. 'ಅನ್‌ಡಿಫೈನ್ಡ್ ರೆಫರೆನ್ಸ್' ಎಂದರೆ ಕಂಪೈಲ್ ಮುಗಿದಿದೆ, ಲಿಂಕರ್‌ಗೆ ಲೈಬ್ರರಿ ಸಿಕ್ಕಿಲ್ಲ, ಇಲ್ಲವೇ ಲೈಬ್ರರಿಗಳ ಕ್ರಮ ತಪ್ಪಿದೆ. ನೆಟ್‌ಸಿಡಿಎಫ್‌ನ ಫೋರ್ಟ್ರಾನ್ ಭಾಗ ಈಗ ಬೇರೆಯೇ ಲೈಬ್ರರಿ. ಅದನ್ನು ಮೊದಲು, ಸಿ ಭಾಗವನ್ನು ಅದರ ನಂತರ ಬರೆಯಬೇಕು. ಕೇಳುವವರು ಮುಂದೆ, ಕೊಡುವವರು ಹಿಂದೆ ಎಂದು ನೆನಪಿಟ್ಟುಕೊಳ್ಳಿ. ಪ್ರೋಗ್ರಾಂ ತಯಾರಾಗಿ, ಓಡಿಸುವಾಗ 'ಶೇರ್ಡ್ ಲೈಬ್ರರಿ ಸಿಗಲಿಲ್ಲ' ಎಂದರೆ ಮತ್ತೆ ಕಂಪೈಲ್ ಮಾಡುವ ಅಗತ್ಯವಿಲ್ಲ. ಲೈಬ್ರರಿ ಇರುವ ದಾರಿಯನ್ನು ತೋರಿಸಿದರೆ ಸಾಕು.

ಮೂರನೆಯದು: ಎಲ್ಲವನ್ನೂ ಒಂದೇ ಕಂಪೈಲರ್‌ನಿಂದ ಕಟ್ಟಿ. ಫೋರ್ಟ್ರಾನ್‌ನ ಮಾಡ್ಯೂಲ್ ಫೈಲುಗಳು ಕಂಪೈಲರ್‌ನಿಂದ ಕಂಪೈಲರ್‌ಗೆ ಬೇರೆ. ಇಂಟೆಲ್‌ನಲ್ಲಿ ಕಟ್ಟಿದ ನೆಟ್‌ಸಿಡಿಎಫ್‌ನ ಮಾಡ್ಯೂಲನ್ನು ಜಿಫೋರ್ಟ್ರಾನ್ ಓದುವುದಿಲ್ಲ. ಜಿಫೋರ್ಟ್ರಾನ್‌ನದೇ ಕೆಲವು ಆವೃತ್ತಿಗಳ ನಡುವೆಯೂ ಹೊಂದುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಅನಕೊಂಡಾ ಇದ್ದರೆ ಇನ್ನಷ್ಟು ಎಚ್ಚರ. ಅದರೊಳಗಿನ ನೆಟ್‌ಸಿಡಿಎಫ್ ಸದ್ದಿಲ್ಲದೆ ಮುಂದೆ ಬಂದು ನಿಂತಿರಬಹುದು. 'ವಿಚ್' ಕಮಾಂಡ್ ಕೊಟ್ಟು ಯಾವುದು ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಿ.

ಇನ್ನು, ನಿನ್ನೆಯವರೆಗೆ ಕಂಪೈಲ್ ಆಗುತ್ತಿದ್ದ ಕೋಡು ಕಂಪೈಲರ್ ಬದಲಾದ ಕೂಡಲೇ ನಿಂತುಹೋಗುವ ಪ್ರಸಂಗ. 2020ರಲ್ಲಿ ಬಂದ ಜಿಸಿಸಿ 10ರ ಫೋರ್ಟ್ರಾನ್ ಕಂಪೈಲರ್, ಒಂದೇ ಸಬ್‌ರೂಟೀನನ್ನು ಒಂದು ಕಡೆ ಪೂರ್ಣಾಂಕ ಕೊಟ್ಟು, ಇನ್ನೊಂದು ಕಡೆ ದಶಮಾಂಶ ಕೊಟ್ಟು ಕರೆದರೆ 'ಟೈಪ್ ಮಿಸ್‌ಮ್ಯಾಚ್' ಎಂದು ತಡೆಯತೊಡಗಿತು. ಹಳೆಯ ಎಂಪಿಐ ಕೋಡಿನ ತುಂಬ ಇದೇ ರೂಢಿ. ಎಲ್ಲರೂ ಹೇಳಿಕೊಡುವ ಮದ್ದು 'ಅಲೋ ಆರ್ಗ್ಯುಮೆಂಟ್ ಮಿಸ್‌ಮ್ಯಾಚ್' ಎಂಬ ಫ್ಲ್ಯಾಗ್. ಅದನ್ನು ಹಾಕಿದರೆ ಎರರ್ ಹೋಗಿ ವಾರ್ನಿಂಗ್ ಆಗುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಎಂಪಿಐಗೆ ಬೇಕಾದದ್ದು ದತ್ತಾಂಶ ಇರುವ ವಿಳಾಸ. ಯಾವ ಬಗೆಯದೆಂದು ಬೇರೆಯಾಗಿ ಹೇಳಿರುತ್ತೇವೆ. ಆದ್ದರಿಂದ ಅಲ್ಲಿ ಆ ಫ್ಲ್ಯಾಗ್ ತೊಂದರೆ ಮಾಡುವುದಿಲ್ಲ. ಆದರೆ ನಿಮ್ಮ ಲ್ಯಾಬಿನ ಹಿರಿಯರು ಬರೆದಿಟ್ಟ ಕೋಡಿನಲ್ಲಿ, ಎಂಟು ಬೈಟಿನ ಸಂಖ್ಯೆ ಕೇಳುವ ಸಬ್‌ರೂಟೀನಿಗೆ ನಾಲ್ಕು ಬೈಟಿನದು ಹೋಗುತ್ತಿದ್ದರೆ? ಎರರ್ ನಿಜವನ್ನೇ ಹೇಳುತ್ತಿತ್ತು. ನೀವು ಅದರ ಬಾಯಿ ಮುಚ್ಚಿಸಿದಿರಿ. ಪ್ರೋಗ್ರಾಂ ಓಡುತ್ತದೆ, ಅಂಕಿಗಳು ಬರುತ್ತವೆ, ಗ್ರಾಫೂ ಚೆನ್ನಾಗಿಯೇ ಕಾಣಬಹುದು. ತಪ್ಪು ಮಾತ್ರ ಪ್ರಬಂಧದೊಳಗೆ ಹೋಗಿ ಕುಳಿತಿರುತ್ತದೆ.

ಸಿ ಭಾಷೆಯಲ್ಲೂ ಇದೇ ಕತೆ. ಘೋಷಣೆಯಿಲ್ಲದ ಫಂಕ್ಷನ್ ಕರೆದರೆ ಹಳೆಯ ಕಂಪೈಲರ್ ಅದು ಪೂರ್ಣಾಂಕ ಕೊಡುತ್ತದೆಂದು ಊಹಿಸಿ ಮುಂದೆ ಹೋಗುತ್ತಿತ್ತು. ಫಂಕ್ಷನ್ ನಿಜಕ್ಕೂ ಕೊಡುವುದು ದಶಮಾಂಶವಾಗಿದ್ದರೆ ಕೈಗೆ ಬರುವುದು ಕಸ. 1999ರ ಮಾನಕವೇ ಈ ಊಹೆಯನ್ನು ಕೈಬಿಟ್ಟಿತ್ತು. 2024ರ ಜಿಸಿಸಿ 14 ಕೊನೆಗೂ ಅದನ್ನು ಎರರ್ ಮಾಡಿತು. ಹಳೆಯ ಪ್ಯಾಕೇಜುಗಳು ಮುರಿದವೆಂದು ಗೊಣಗುವವರಿದ್ದಾರೆ. ಎಷ್ಟೋ ಕಡೆ ಬೇಕಾದ ಪರಿಹಾರ, ಬಿಟ್ಟುಹೋದ ಒಂದು ಹೆಡರ್ ಫೈಲಿನ ಹೆಸರು ಸೇರಿಸುವುದಷ್ಟೇ.

ಹಾಗಾಗಿ ಯಾವುದೇ ಫ್ಲ್ಯಾಗ್ ಅಂಟಿಸುವ ಮೊದಲು ಅದು ಏನನ್ನು ಮುಚ್ಚುತ್ತದೆ ಎಂದು ಓದಿ. ಸಾಧ್ಯವಾದರೆ ಆ ಒಂದು ಫೈಲಿಗೆ ಮಾತ್ರ ಹಾಕಿ. ಇನ್ನೊಂದು ಮಾತು: ಲಾಗಿನ್ ನೋಡ್‌ನಲ್ಲಿ 'ನೇಟಿವ್' ಎಂದು ಹೇಳಿ ಕಟ್ಟಿದ ಪ್ರೋಗ್ರಾಂ, ಬೇರೆ ಪ್ರೊಸೆಸರ್ ಇರುವ ಕಂಪ್ಯೂಟ್ ನೋಡ್‌ನಲ್ಲಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಸಾಯಬಹುದು.

ಕಂಪೈಲ್ ಆಯಿತು ಎಂದರೆ ಅರ್ಧ ಕೆಲಸ ಮುಗಿಯಿತು ಅಷ್ಟೇ. ಪ್ಯಾಕೇಜಿನ ಜೊತೆ ಪರೀಕ್ಷೆಗಳು ಬಂದಿದ್ದರೆ 'ಮೇಕ್ ಚೆಕ್' ಅಥವಾ 'ಮೇಕ್ ಟೆಸ್ಟ್' ಓಡಿಸಿ. ಇಲ್ಲದಿದ್ದರೆ ಉತ್ತರ ಗೊತ್ತಿರುವ ಒಂದು ಸಣ್ಣ ಉದಾಹರಣೆ ಓಡಿಸಿ ಹೋಲಿಸಿ. ಕೊನೆಯ ಅಂಕಿಗಳಲ್ಲಿ ವ್ಯತ್ಯಾಸ ಸಹಜ; ಮೂರನೆಯ ಅಂಕಿಯಲ್ಲೇ ಬಂದರೆ ಅನುಮಾನಿಸಿ. ಕಂಪೈಲರ್ ಆವೃತ್ತಿ, ಲೈಬ್ರರಿಗಳ ಆವೃತ್ತಿ, ಹಾಕಿದ ಫ್ಲ್ಯಾಗುಗಳು, ತಿದ್ದಿದ ಸಾಲುಗಳು, ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಡಿ. ಮುಂದಿನ ವರ್ಷ ನಿಮ್ಮ ಲ್ಯಾಬಿಗೆ ಬರುವ ಜೂನಿಯರ್‌ಗೆ ಎರಡು ವಾರ ಉಳಿಯುತ್ತದೆ. ಥೀಸಿಸ್ ಬರೆಯುವ ಹೊತ್ತಿಗೆ ಅದು ನಿಮಗೂ ಬೇಕಾಗುತ್ತದೆ.