ಹೆಸರಿನಲ್ಲೇ ಕೆರೆ ಇದೆ, ನೋಡಿ ಬನ್ನಿ

‘ನಿಮ್ಮದು ಯಾವೂರು?’ ಎಂದು ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಜಯನಗರದಲ್ಲಿ ಮೂವತ್ತು ವರ್ಷ ಬಾಳಿದವರೂ ಶಿವಮೊಗ್ಗ, ಮಂಡ್ಯ, ಕುಂದಾಪುರ ಎನ್ನುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದ ಅವರ ಮಕ್ಕಳನ್ನು ಕೇಳಿದರೆ ಉತ್ತರ ಅಂಕಿಗಳಲ್ಲಿ ಬರುತ್ತದೆ: ನಾಲ್ಕನೇ ಬ್ಲಾಕ್, ಎರಡನೇ ಸ್ಟೇಜ್, ಏಳನೇ ಫೇಸ್. ಅಪ್ಪ ಅಮ್ಮನಿಗೆ ಊರಿದೆ, ಮಕ್ಕಳಿಗೆ ವಿಳಾಸ ಮಾತ್ರ!

ರಜೆ ಬಂತೆಂದರೆ ಈ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂಬುದು ಪೋಷಕರ ದೊಡ್ಡ ಚಿಂತೆ. ಮೈಸೂರು, ಊಟಿ ಎಂದರೆ ಆಫೀಸಿಗೆ ರಜೆ ಹಾಕಬೇಕು, ಖರ್ಚೂ ಕೈಮೀರುತ್ತದೆ. ಮಾಲ್‌ಗೆ ಹೋದರೆ ಸಂಜೆ ಕಳೆಯುತ್ತದೆ, ನೆನಪಿನಲ್ಲಿ ಏನೂ ಉಳಿಯುವುದಿಲ್ಲ. ಆದರೆ ದಕ್ಷಿಣ ಬೆಂಗಳೂರಿನಲ್ಲಿ ವಾಸಿಸುವವರಿಗೆ ಮನೆಯಿಂದ ಹತ್ತು ಕಿಲೋಮೀಟರಿನೊಳಗೇ ಒಂದು ಒಳ್ಳೆಯ ಪ್ರವಾಸ ಕಾದಿದೆ. ಅದರ ನಕ್ಷೆ ಬಸ್ಸಿನ ಬೋರ್ಡುಗಳ ಮೇಲೆಯೇ ಬರೆದಿದೆ. ನಾವು ಓದುತ್ತಿಲ್ಲ, ಅಷ್ಟೆ.

ಅಂಕಿಗಳ ಕೆಳಗಿನ ಹಳ್ಳಿಗಳು

ಬಿ.ಟಿ.ಎಂ. ಬಡಾವಣೆಯನ್ನೇ ತೆಗೆದುಕೊಳ್ಳಿ. ಕಾಲೇಜು ವಿದ್ಯಾರ್ಥಿಗಳಿಂದ ತುಂಬಿ ತುಳುಕುವ ಈ ಬಡಾವಣೆಯ ಮೂರಕ್ಷರಗಳ ವಿಸ್ತಾರ ಅಲ್ಲಿಯೇ ಇರುವ ಎಷ್ಟೋ ಮಂದಿಗೆ ತಿಳಿಯದು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲ ಅಕ್ಷರಗಳು ಅವು. ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಅಂದರೆ ಮೊದಲ ಹೆಸರಿನಲ್ಲಿ ಸಮುದ್ರವಿದೆ, ಎರಡನೆಯದರಲ್ಲಿ ತಾವರೆಯ ಕೆರೆಯಿದೆ, ಮೂರನೆಯ ಊರಿನ ಕೆರೆ ಇಂದಿಗೂ ಕಣ್ಣೆದುರಿಗಿದೆ!

2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೊ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಯಿಂದ ಹೊರಟರೆ ಹೊಂಗಸಂದ್ರ, ಸಿಂಗಸಂದ್ರ, ಕೊನೆಗೆ ಬೊಮ್ಮಸಂದ್ರ ಎಂದು ಮೂರು ‘ಸಮುದ್ರ’ಗಳು ಎದುರಾಗುತ್ತವೆ. ಕನಕಪುರ ರಸ್ತೆಯ ಕೋಣನಕುಂಟೆಯಲ್ಲಿರುವುದು ಕುಂಟೆ, ಅಂದರೆ ಚಿಕ್ಕ ಹೊಂಡ. ಹೊಸಕೆರೆಹಳ್ಳಿಯ ಹೆಸರಿಗೆ ವಿವರಣೆಯೇ ಬೇಡ. ಬನಶಂಕರಿಯಲ್ಲಿ ಬನವಿದೆ. ಬಾದಾಮಿಯ ದೇವಿ ಇಲ್ಲಿ ಕನಕಪುರ ರಸ್ತೆಯ ಅಂಚಿನಲ್ಲಿ ನೆಲೆಸಿ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿಸಿಕೊಳ್ಳುತ್ತಿದ್ದಾಳೆ. ಜಯನಗರ ಒಂಬತ್ತನೇ ಬ್ಲಾಕಿನ ರಾಗಿಗುಡ್ಡಕ್ಕೆ, ರಾಗಿಯ ರಾಶಿಯೇ ಕಲ್ಲಾಯಿತೆಂಬ ಐತಿಹ್ಯವಿದೆ. ಕೆರೆಯ ನೀರು, ಹೊಲದ ರಾಗಿ, ಅಂಚಿನ ಬನ... ಒಂದು ಹಳ್ಳಿಗಾಡಿನ ಚಿತ್ರ ಪೂರ್ತಿಯಾಯಿತಲ್ಲವೇ?

ಈ ಹಳ್ಳಿಗಾಡಿನ ಮೇಲೆ ಯೋಜಿತ ಬಡಾವಣೆಗಳು ಬಂದದ್ದು ಸ್ವಾತಂತ್ರ್ಯದ ನಂತರ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರಿಂದ. ಮುಂದೆ ಜಯಪ್ರಕಾಶ ನಾರಾಯಣರ ಹೆಸರಿನಲ್ಲಿ ಜೆ.ಪಿ. ನಗರ ಬೆಳೆಯಿತು. ಹಳ್ಳಿಗಳು ಹಾಗೆಂದು ಮಾಯವಾಗಲಿಲ್ಲ. ಸಿದ್ದಾಪುರ, ಯಡಿಯೂರು, ಬೈರಸಂದ್ರ, ಸಾರಕ್ಕಿ ಎಲ್ಲವೂ ಬ್ಲಾಕುಗಳ ನಡುವೆ ಹುದುಗಿವೆ. ನೇರವಾದ ಅಗಲ ರಸ್ತೆ ಇದ್ದಕ್ಕಿದ್ದಂತೆ ಕಿರಿದಾಗಿ, ಅಂಕುಡೊಂಕಾಗಿ, ಒಂದು ಗ್ರಾಮದೇವತೆಯ ಗುಡಿಯ ಮುಂದೆ ತಿರುಗಿದರೆ ಅಲ್ಲಿ ಹಳ್ಳಿ ಶುರುವಾಯಿತೆಂದೇ ತಿಳಿಯಿರಿ.

ನದಿಯಿಲ್ಲದ ಊರಿನ ನೀರು

ಇಷ್ಟೊಂದು ಕೆರೆಗಳು ಏಕೆ? ಶಾಲೆಯ ಭೂಗೋಳ ಪುಸ್ತಕದಲ್ಲಿ ಸಿಗದ ಈ ಪಾಠಕ್ಕೆ ಲಾಲ್‌ಬಾಗಿನ ಬಂಡೆಯನ್ನು ಹತ್ತಬೇಕು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟವನ್ನು ನೋಡಲು ಬರುವವರು ಗಾಜಿನ ಮನೆಯನ್ನು ಕಂಡು ಹಿಂತಿರುಗುವುದೇ ಹೆಚ್ಚು. ಆದರೆ ಕೆಂಪೇಗೌಡ ಗೋಪುರ ನಿಂತಿರುವ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಅತಿ ಹಳೆಯ ಶಿಲೆಗಳ ಸಾಲಿಗೆ ಸೇರುವ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ಮಕ್ಕಳು ಅದರ ಮೇಲೆ ಕೂತು ಕಡಲೆಕಾಯಿ ತಿನ್ನಬಹುದು. ಇಂಥ ಭಾಗ್ಯ ಎಷ್ಟು ಊರುಗಳಿಗಿದೆ?

ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಇಂಥ ಗಟ್ಟಿ ಕಲ್ಲಿನ ಮೇಲಿನ ದಿಣ್ಣೆಯಲ್ಲಿ ಊರು ಕಟ್ಟಿದವರಿಗೆ ವರ್ಷವಿಡೀ ಹರಿಯುವ ನದಿ ಇರಲಿಲ್ಲ. ಬಿದ್ದ ಮಳೆ ಇಳಿಜಾರಿನಲ್ಲಿ ಓಡಿಹೋಗುತ್ತಿತ್ತು. ಅದಕ್ಕೇ ಅವರು ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆಯಲ್ಲಿ ಇನ್ನೊಂದು ಕೆರೆಗೆ ಹೋಗುವಂತೆ ಸರಪಳಿ ಹೆಣೆದರು. ಇಂದು ಮಳೆಗಾಲದಲ್ಲಿ ಸುದ್ದಿಯಾಗುವ ರಾಜಕಾಲುವೆಗಳು ಆ ಸರಪಳಿಯ ಕೊಂಡಿಗಳೇ.

ಅಲ್ಲಿಂದ ಬಸವನಗುಡಿಗೆ ಬನ್ನಿ. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಹೆಸರಾದ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟಿದಳೆಂಬುದು ಹಿರಿಯರ ನಂಬಿಕೆ. ನಂಬಿಕೆಯ ಹಿಂದೆ ಒಂದು ಭೂಗೋಳವೂ ಇದೆ. ಈ ದಿಣ್ಣೆಯಿಂದ ಪಶ್ಚಿಮಕ್ಕೆ ಇಳಿದ ಮಳೆನೀರು ವೃಷಭಾವತಿಯಾಗಿ ಅರ್ಕಾವತಿಯನ್ನು ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಪೂರ್ವಕ್ಕೆ ಇಳಿದದ್ದು ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯಾಗುತ್ತದೆ. ಅಕ್ಕಪಕ್ಕದ ಬೀದಿಗಳಲ್ಲಿ ಬಿದ್ದ ಎರಡು ಹನಿಗಳು ಮತ್ತೆ ಸೇರುವುದು ಬಂಗಾಳ ಕೊಲ್ಲಿಯಲ್ಲಿ! ಇದನ್ನು ಅಲ್ಲಿಯೇ ನಿಂತು ಹೇಳಿದರೆ ಯಾವ ಮಗುವೂ ಮರೆಯಲಾರದು.

ಹೋದದ್ದು, ಉಳಿಸಿಕೊಂಡದ್ದು

1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1970ರ ದಶಕದಲ್ಲಿ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯೇ ಮೇಲೇರಿ ಬಂದಳು. ನಲ್ಲಿಯಲ್ಲಿ ನೀರು ಬಂದ ಮೇಲೆ ಕೆರೆ ಯಾರಿಗೆ ಬೇಕು? ಕೆರೆಯಂಗಳ ಬರಿಯ ಖಾಲಿ ಜಾಗವಾಗಿ ಕಂಡಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದು ಕೂತ ಮನೆಗಳಿಗೆ ಕೆರೆಯ ಬೆಲೆ ತಡವಾಗಿ ತಿಳಿಯಿತು.

ದಕ್ಷಿಣದಲ್ಲಿ ಈ ಕಥೆಯ ಎರಡು ಮುಖಗಳನ್ನೂ ನೋಡಬಹುದು. ಜೆ.ಪಿ. ನಗರದ ಸಾರಕ್ಕಿ ಕೆರೆ ದಾಖಲೆಗಳಲ್ಲಿ 80 ಎಕರೆಗೂ ಮೀರಿದ್ದು. ಅದರ ಅಂಗಳದಲ್ಲಿ ಎದ್ದಿದ್ದ ಕಟ್ಟಡಗಳನ್ನು 2015ರ ಏಪ್ರಿಲ್‌ನಲ್ಲಿ ಆಡಳಿತ ಕೆಡವಿತು. ಕಾಗದಪತ್ರ ನೋಡಿಯೇ ಕೊಂಡಿದ್ದೆವು ಎಂದು ಅಳಲು ತೋಡಿಕೊಂಡವರೂ ಮನೆ ಕಳೆದುಕೊಂಡರು. ಕೆರೆ ಎಲ್ಲಿತ್ತೆಂಬುದನ್ನು ಊರು ಮರೆತರೆ ಅದರ ದಂಡ ತೆರುವವರು ಯಾರೆಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ.

ಅಲ್ಲಿಂದ ಹೆಚ್ಚು ದೂರವಿಲ್ಲದ ಪುಟ್ಟೇನಹಳ್ಳಿ ಕೆರೆಯದು ಬೇರೆ ಕಥೆ. ಒಣಗಿ ಕಸ ತುಂಬಿಕೊಂಡಿದ್ದ ಈ ಪುಟ್ಟ ಕೆರೆಗಾಗಿ ಸುತ್ತಲಿನ ನಿವಾಸಿಗಳೇ 2010ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಕಚೇರಿಗಳಿಗೆ ಅಲೆದರು, ಗಿಡ ನೆಟ್ಟರು, ಪಕ್ಕದ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರು ಕೆರೆಗೆ ಹರಿಯುವ ವ್ಯವಸ್ಥೆ ಮಾಡಿಸಿದರು. ಹಕ್ಕಿಗಳು ಹಿಂತಿರುಗಿದವು. ಅವರೇನೂ ಮೂಲ ನಿವಾಸಿಗಳಲ್ಲ, ಫ್ಲಾಟು ಕೊಂಡು ಬಂದವರು. ಕೆರೆಯನ್ನು ತಮ್ಮದೆಂದುಕೊಂಡ ದಿನ ಅವರು ಈ ಊರಿನವರಾದರು.

ಹಕ್ಕಿ ನೋಡಬೇಕೆಂದರೆ ಮಡಿವಾಳ ಕೆರೆಗೆ ಹೋಗಿ. ಬೆಳಿಗ್ಗೆ ಬೇಗ ಹೋದರೆ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳು ಕಾಣಸಿಗುತ್ತವೆ. ಏರಿಯ ಈಚೆ ವಾಹನಗಳ ಗದ್ದಲ, ಆಚೆ ರೆಕ್ಕೆಗಳ ಸದ್ದು.

ಸಾವಿರ ವರ್ಷದ ಕಲ್ಲು

ಪ್ರವಾಸದ ಕೊನೆಯ ತಾಣ ಬೇಗೂರು. ಬೆಂದಕಾಳೂರೇ ಬೆಂಗಳೂರಾಯಿತೆಂಬ ಅಜ್ಜಿಕಥೆಯನ್ನು ಎಲ್ಲ ಮಕ್ಕಳೂ ಕೇಳಿರುತ್ತಾರೆ. ಹಸಿದು ಬಂದ ಹೊಯ್ಸಳ ಬಲ್ಲಾಳ ದೊರೆಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ. ಆದರೆ ಬೇಗೂರಿನ ನಾಗನಾಥೇಶ್ವರ ದೇವಾಲಯದ ಆವರಣದಲ್ಲಿರುವ ಗಂಗರ ಕಾಲದ ವೀರಗಲ್ಲು ಸುಮಾರು ಕ್ರಿ.ಶ. 890ರದು. ನಾಗತ್ತರನೆಂಬ ಗಂಗರ ಅಧಿಕಾರಿಯ ಕಡೆಯ ಬುಟ್ಟನಸೆಟ್ಟಿ ಬೆಂಗಳೂರ ಕಾಳಗದಲ್ಲಿ ಮಡಿದನೆಂದು ಅದು ಹೇಳುತ್ತದೆ. ಬಲ್ಲಾಳನಿಗಿಂತ ಮುನ್ನೂರು ವರ್ಷ ಮೊದಲೇ, ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರೂವರೆ ಶತಮಾನ ಮೊದಲೇ ಈ ಹೆಸರಿತ್ತು! ಅಜ್ಜಿಯ ಕಥೆಯನ್ನು ಬಿಡಬೇಕಿಲ್ಲ. ಕಥೆ ಯಾವುದು, ಸಾಕ್ಷಿ ಯಾವುದು ಎಂದು ಬೇರ್ಪಡಿಸಿ ನೋಡಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ದೇವಾಲಯಕ್ಕೆ ಸಮೀಪದಲ್ಲೇ ಕೆರೆಯೂ ಇದೆಯೆಂದು ಬೇರೆ ಹೇಳಬೇಕೇ?

ಹೊರಡುವ ಮುನ್ನ

* ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಲಾಲ್‌ಬಾಗ್ ಮತ್ತು ಬಸವನಗುಡಿಗೆ ಒಂದು ಭಾನುವಾರ, ಜೆ.ಪಿ. ನಗರದ ಕೆರೆಗಳಿಗೆ ಇನ್ನೊಂದು, ಮಡಿವಾಳ ಮತ್ತು ಬೇಗೂರಿಗೆ ಮತ್ತೊಂದು.

* ಮೆಟ್ರೊ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್, ಜಯನಗರ, ಬನಶಂಕರಿ, ಜೆ.ಪಿ. ನಗರ ನಿಲ್ದಾಣಗಳಿವೆ. ಬೇಗೂರಿಗೆ ಬಸ್ಸೇ ವಾಸಿ, ಬೋರ್ಡುಗಳನ್ನು ಓದುತ್ತಾ ಹೋಗಬಹುದು.

* ಮಕ್ಕಳ ಕೈಗೆ ಒಂದು ಬಿಳಿ ಹಾಳೆ ಕೊಡಿ. ದಾರಿಯಲ್ಲಿ ಸಿಗುವ ಕೆರೆ, ಕುಂಟೆ, ಕಟ್ಟೆ, ಸಂದ್ರಗಳನ್ನೆಲ್ಲ ಬರೆಯಲಿ. ಮನೆಗೆ ಬಂದು ಜೋಡಿಸಿದರೆ ನಿಮ್ಮ ಬಡಾವಣೆಯ ನೀರಿನ ನಕ್ಷೆ ಸಿದ್ಧ.

* ಬೀದಿಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ‘ಇಲ್ಲಿ ಮೊದಲು ಏನಿತ್ತು?’ ಎಂದು ಕೇಳಿಸಿ. ಪುಸ್ತಕದಲ್ಲಿಲ್ಲದ್ದು ಅಲ್ಲಿ ಸಿಗುತ್ತದೆ.

* ಸಂಜೆ ದಣಿವಾಗದಿದ್ದರೆ ಜೆ.ಪಿ. ನಗರದ ರಂಗಶಂಕರದಲ್ಲಿ ಒಂದು ನಾಟಕ ನೋಡಿ. ನಟ ಶಂಕರ್‌ನಾಗ್ ನೆನಪಿನಲ್ಲಿ 2004ರಲ್ಲಿ ತೆರೆದ ರಂಗಮಂದಿರ ಅದು.

* ಎಲ್ಲಕ್ಕಿಂತ ಮುಖ್ಯವಾದ ಭೇಟಿಗೆ ದಿನ ಗೊತ್ತು ಮಾಡಲಾಗದು. ಜೋರು ಮಳೆ ಬಂದ ಮರುದಿನ ಮಕ್ಕಳೊಂದಿಗೆ ಹತ್ತಿರದ ಕೆರೆಗೆ ಹೋಗಿ, ನೀರು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂದು ಹುಡುಕಿ. ಛತ್ರಿ ಮರೆಯಬೇಡಿ.