ಗಟ್ಟಿಮೇಳಕ್ಕೆ ಕಿವಿ ಮುಚ್ಚಿಕೊಂಡ ಹುಡುಗ

ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆ. ಗಟ್ಟಿಮೇಳ ಶುರುವಾಗಿದ್ದೇ ತಡ, ಅಕ್ಕನ ಆರು ವರ್ಷದ ಮಗ ಎರಡೂ ಕಿವಿ ಮುಚ್ಚಿಕೊಂಡು ಕಿರುಚೋಕೆ ಶುರು ಮಾಡಿದ. "ಮುದ್ದು ಮಾಡಿ ಹಾಳು ಮಾಡಿದ್ದೀರಾ" ಅಂದ್ರು ಯಾರೋ. ನಾನೂ ಗದರಿಸಿದೆ. ಅಕ್ಕ ಊಟಾನೂ ಮಾಡದೆ ಮಗನನ್ನು ಎತ್ತಿಕೊಂಡು ಮನೆಗೆ ಹೋದಳು.

ಅದು ಹಟ ಅಲ್ಲ ಅಂತ ನನಗೆ ಗೊತ್ತಾಗಿದ್ದು, ಅವಳ ಜೊತೆ ಆಕ್ಯುಪೇಷನಲ್ ಥೆರಪಿಸ್ಟ್ ಹತ್ರ ಹೋದಾಗ.

ಸ್ಕೂಲಲ್ಲಿ ನಾವು ಕಲಿತದ್ದು ಪಂಚೇಂದ್ರಿಯ. ಅವುಗಳ ಜೊತೆ ಇನ್ನೂ ಮೂರು ಇವೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ, ತಲೆ ಯಾವ ಕಡೆ ತಿರುಗ್ತಿದೆ ಅಂತ ಹೇಳೋದು ಅವು. ಸ್ನಾಯು, ಕೀಲುಗಳು ಕೈಕಾಲು ಎಲ್ಲಿವೆ ಅಂತ ತಿಳಿಸುತ್ತವೆ. ಕಣ್ಣು ಮುಚ್ಚಿದರೂ ತುತ್ತು ನೇರ ಬಾಯಿಗೇ ಹೋಗೋದು ಇದರಿಂದ. ಮೂರನೆಯದು ಹಸಿವು, ಬಾಯಾರಿಕೆ, ಎದೆಬಡಿತದಂಥ ಒಳಗಿನ ಸುದ್ದಿ.

ಇಷ್ಟರಲ್ಲಿ ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಬಿಡಬೇಕು ಅಂತ ಆರಿಸೋದು ಮೆದುಳು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ಸೆನ್ಸರ್ ಸರಿಯಾಗಿದ್ದೂ ಫಿಲ್ಟರ್ ಸೆಟ್ಟಿಂಗ್ ಬೇರೆ ಇರಬಹುದು. ಕೆಲವರಿಗೆ ಫ್ಯಾನಿನ ಸದ್ದು, ಅಂಗಿ ಕಾಲರಿನ ಲೇಬಲ್ ಕೂಡ ಮರೆತುಹೋಗಲ್ಲ, ದಿನವಿಡೀ ಕಾಡುತ್ತೆ. ಕೆಲವರಿಗೆ ಉಲ್ಟಾ: ಮಂಡಿ ತರಚಿದ್ರೂ ಗೊತ್ತಾಗಲ್ಲ, ಸದಾ ಕುಣೀತಾ, ಏನಕ್ಕಾದರೂ ಡಿಕ್ಕಿ ಹೊಡೀತಾ ಇರ್ತಾರೆ. ಒಬ್ಬರಲ್ಲೇ ಎರಡೂ ಇರಬಹುದು.

ಅಮೆರಿಕದ ಥೆರಪಿಸ್ಟ್ ಜೀನ್ ಐರ್ಸ್ 1972ರಲ್ಲೇ ಈ ಬಗ್ಗೆ ಪುಸ್ತಕ ಬರೆದಿದ್ದರು. 2013ರಲ್ಲಿ ಅಲ್ಲಿನ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಪ್ರತ್ಯೇಕ ಕಾಯಿಲೆ ಅಂತ ಮಾತ್ರ ಒಪ್ಪಿಲ್ಲ. ಆಟಿಸಂ ಇಲ್ಲದವರಲ್ಲೂ ಇಂಥ ವ್ಯತ್ಯಾಸ ಇರುತ್ತೆ. ಹಾಗಾಗಿ ಗೂಗಲ್ ನೋಡಿ ಮಗುವಿಗೆ ಹೆಸರಿಡಬೇಡಿ. ಊಟ, ನಿದ್ದೆ, ಸ್ಕೂಲಿಗೇ ತೊಂದರೆ ಆಗ್ತಿದ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಅಕ್ಕನ ಮನೇಲಿ ಈಗ ಬದಲಾಗಿರೋದು ಸಣ್ಣ ಸಂಗತಿಗಳೇ. ಮಿಕ್ಸಿ ಹಾಕೋ ಮುಂಚೆ "ಸದ್ದು ಬರುತ್ತೆ ಪುಟ್ಟಾ" ಅಂತ ಹೇಳ್ತಾಳೆ. ಅಂಗಿಗಳ ಲೇಬಲ್ ಕತ್ತರಿಸಿದ್ದಾಳೆ. ಫಂಕ್ಷನ್‌ಗೆ ಹೋದರೆ ಬಾಗಿಲ ಹತ್ರ ಕೂರ್ತಾರೆ, ಸಾಕಾದಾಗ ಹೊರಗೆ ಒಂದು ಸುತ್ತು.

ಆಫೀಸಿನ ಗಲಾಟೆ ತಡೆಯೋಕಾಗದೆ ನಾನು ದಿನಾ ಹೆಡ್‌ಫೋನ್ ಹಾಕ್ಕೊಂಡೇ ಕೆಲಸ ಮಾಡ್ತೀನಿ. ಇದುವರೆಗೂ ಯಾರೂ ನನ್ನನ್ನು ಹಟಮಾರಿ ಅಂದಿಲ್ಲ. ಹೋದ ತಿಂಗಳು ಒಂದು ಉಪನಯನದಲ್ಲಿ ಅದೇ ಹೆಡ್‌ಫೋನ್ ಅವನ ಕಿವಿಗೆ ಹಾಕಿದೆ. ಓಲಗ ನಿಲ್ಲೋವರೆಗೂ ನನ್ನ ಕೈ ಹಿಡ್ಕೊಂಡೇ ಇದ್ದ, ಆಮೇಲೆ ಎರಡು ಹೋಳಿಗೆ ತಿಂದ. ಅಕ್ಕನೂ ಪಕ್ಕದಲ್ಲೇ ಕೂತು ಊಟ ಮಾಡಿದಳು.