ಚುನಾವಣೆಯ ಅಂತರರಾಷ್ಟ್ರೀಯ ವೀಕ್ಷಣೆ: ಕೀನ್ಯಾ ದೇಶದ ನಿದರ್ಶನ

ಒಂದು ದೇಶದ ಚುನಾವಣೆಯನ್ನು ಬೇರೆ ದೇಶದವರು ಬಂದು ನೋಡಿ, ಅದು ಸರಿಯಾಗಿ ನಡೆಯಿತೇ ಇಲ್ಲವೇ ಎಂದು ಅಭಿಪ್ರಾಯ ಹೇಳುವ ಪದ್ಧತಿ ಈಗ ಲೋಕದಲ್ಲಿ ಬಹುಮಟ್ಟಿಗೆ ರೂಢಿಗೆ ಬಂದಿದೆ. ಈ ಅಭಿಪ್ರಾಯಕ್ಕೆ ನ್ಯಾಯಾಲಯದ ತೀರ್ಪಿನ ಬಲವಿಲ್ಲ. ಆದರೂ ಸೋತ ಪಕ್ಷದವರು ಫಲಿತಾಂಶವನ್ನು ಒಪ್ಪುವರೋ ಬೀದಿಗಿಳಿಯುವರೋ ಎಂಬುದು ಅನೇಕ ವೇಳೆ ಇದನ್ನೇ ಅವಲಂಬಿಸಿರುತ್ತದೆ. ಇಷ್ಟು ಭಾರವನ್ನು ಹೊರುವ ಈ ಮಾತು ಎಷ್ಟರಮಟ್ಟಿಗೆ ಕಣ್ಣಾರೆ ಕಂಡು ಆಡಿದ ಮಾತು ಎಂಬ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ. ನಿದರ್ಶನಕ್ಕಾಗಿ ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ ೨೦೧೭ರಲ್ಲಿ ನಡೆದ ಅಧ್ಯಕ್ಷ ಚುನಾವಣೆಯನ್ನು ಆರಿಸಿಕೊಂಡಿದ್ದೇವೆ.

೧. ಮೇಲ್ವಿಚಾರಣೆಯೂ ವೀಕ್ಷಣೆಯೂ

ಚುನಾವಣೆಯ ಮೇಲ್ವಿಚಾರಣೆ ಬೇರೆ, ವೀಕ್ಷಣೆ ಬೇರೆ. ೧೯೫೩ರಲ್ಲಿ ಸೂಡಾನ್ ದೇಶ ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದಾಗ ಅಲ್ಲಿಯ ಪ್ರಥಮ ಸಂಸತ್ ಚುನಾವಣೆಯನ್ನು ನಡೆಸಲು ಸೂಡಾನ್, ಈಜಿಪ್ಟ್, ಬ್ರಿಟನ್, ಅಮೆರಿಕ ಮತ್ತು ಭಾರತಗಳ ಸದಸ್ಯರಿದ್ದ ಆಯೋಗವೊಂದು ರಚಿತವಾಯಿತು. ಭಾರತದ ಮೊದಲ ಸಾರ್ವತ್ರಿಕ ಚುನಾವಣೆಯನ್ನು ನಿರ್ವಹಿಸಿ ಹೆಸರಾಗಿದ್ದ ಸುಕುಮಾರ ಸೇನ್ ಅವರೇ ಅದರ ಅಧ್ಯಕ್ಷರಾದರು. ಅವರದು ಮೇಲ್ವಿಚಾರಣೆ, ತಪ್ಪು ಕಂಡಲ್ಲಿ ತಿದ್ದುವ ಅಧಿಕಾರ ಆ ಆಯೋಗಕ್ಕೆ ಇತ್ತು.

ವೀಕ್ಷಕನಿಗೆ ಅಂತಹ ಅಧಿಕಾರವಿಲ್ಲ. ಅವನು ಆ ದೇಶದ ಆಹ್ವಾನದ ಮೇಲೆ ಬರುತ್ತಾನೆ, ನೋಡುತ್ತಾನೆ, ವಿಚಾರಿಸುತ್ತಾನೆ, ಬರೆದುಕೊಳ್ಳುತ್ತಾನೆ, ಮತಪೆಟ್ಟಿಗೆಯನ್ನು ಮುಟ್ಟುವಂತಿಲ್ಲ. ಅಷ್ಟರಿಂದಲೇ ಮಹತ್ತಾದ ಉಪಕಾರವಾದುದೂ ಉಂಟು. ೧೯೯೦ರ ಫೆಬ್ರವರಿಯಲ್ಲಿ ಅಂತರ್ಯುದ್ಧದಿಂದ ಬಳಲಿದ್ದ ನಿಕರಾಗುವಾ ದೇಶದಲ್ಲಿ ಅಧಿಕಾರಾರೂಢ ಡೇನಿಯಲ್ ಒರ್ಟೇಗಾ ಸೋತು ವಯೊಲೆಟಾ ಚಾಮೊರೊ ಗೆದ್ದರು. ಆರಿಸಿದ ಕೆಲವು ಮತಗಟ್ಟೆಗಳ ಎಣಿಕೆಯಿಂದ ಒಟ್ಟು ಫಲವನ್ನು ಅಂದಾಜು ಮಾಡುವ ಕ್ರಮದಿಂದ ವೀಕ್ಷಕರಿಗೆ ಅದೇ ರಾತ್ರಿ ಫಲಿತಾಂಶ ತಿಳಿದಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒರ್ಟೇಗಾ ಅವರನ್ನು ಕಂಡು ಮಾತನಾಡಿದರು. ಒರ್ಟೇಗಾ ಸೋಲನ್ನು ಒಪ್ಪಿದರು.

ಈ ಕಾರ್ಯಕ್ಕೆ ಒಂದು ಶಾಸ್ತ್ರೀಯ ಚೌಕಟ್ಟನ್ನು ಒದಗಿಸಲು ೨೦೦೫ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಘೋಷಣೆಯೊಂದನ್ನು ಅಂಗೀಕರಿಸಲಾಯಿತು. ಚುನಾವಣೆಯೆಂದರೆ ಮತದಾನದ ದಿನ ಮಾತ್ರವಲ್ಲ, ಅದರ ಹಿಂದುಮುಂದಿನ ಸಮಸ್ತ ಪ್ರಕ್ರಿಯೆಯೂ ವೀಕ್ಷಣೆಗೆ ಒಳಪಡಬೇಕು ಎಂಬುದು ಅದರ ಸಾರ. ತತ್ತ್ವ ನಿರ್ವಿವಾದವಾದುದು, ಆಚರಣೆ ಎಷ್ಟು ಕಷ್ಟವೆಂಬುದನ್ನು ಕೀನ್ಯಾ ತೋರಿಸಿತು.

೨. ಕೀನ್ಯಾ: ೨೦೦೭ರಿಂದ ೨೦೧೭ರವರೆಗೆ

೨೦೦೭ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯ ಫಲಿತಾಂಶವನ್ನು ನಂಬಲು ಕೀನ್ಯಾದ ವಿರೋಧ ಪಕ್ಷ ಸಿದ್ಧವಿರಲಿಲ್ಲ. ನ್ಯಾಯಾಲಯದ ಮೇಲೂ ಅದಕ್ಕೆ ವಿಶ್ವಾಸವಿರಲಿಲ್ಲ. ಬಳಿಕ ಭುಗಿಲೆದ್ದ ಹಿಂಸೆಯಲ್ಲಿ ೧,೧೦೦ಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಮಂದಿ ಮನೆಮಠ ತೊರೆದರು. ಈ ದುರಂತದ ಪಾಠವಾಗಿ ೨೦೧೦ರ ಹೊಸ ಸಂವಿಧಾನ ಜಾರಿಗೆ ಬಂದಿತು. ಮತದಾನ ಪದ್ಧತಿ ಸರಳವೂ ನಿಖರವೂ ಪರಿಶೀಲನಾರ್ಹವೂ ಪಾರದರ್ಶಕವೂ ಆಗಿರಬೇಕೆಂದು ಅದು ವಿಧಿಸಿತು. ಅಧ್ಯಕ್ಷ ಚುನಾವಣೆಯ ತಕರಾರನ್ನು ಹದಿನಾಲ್ಕು ದಿನಗಳೊಳಗೆ ತೀರ್ಮಾನಿಸುವ ಹೊಣೆಯನ್ನು ಹೊಸ ಸರ್ವೋಚ್ಚ ನ್ಯಾಯಾಲಯಕ್ಕೆ ವಹಿಸಿತು.

೨೦೧೭ರ ಆಗಸ್ಟ್ ೮ರಂದು ಸುಮಾರು ೪೦,೮೦೦ ಮತಗಟ್ಟೆಗಳಲ್ಲಿ ಮತದಾನವಾಯಿತು. ಪ್ರತಿ ಮತಗಟ್ಟೆಯ ಎಣಿಕೆಯನ್ನು ‘೩೪-ಎ’ ಎಂಬ ನಮೂನೆಯಲ್ಲಿ ಬರೆದು, ಅಂಕಿಗಳೊಡನೆ ಆ ಕಾಗದದ ಛಾಯಾಪ್ರತಿಯನ್ನೂ ವಿದ್ಯುನ್ಮಾನ ಯಂತ್ರದ ಮೂಲಕ ರಾಜಧಾನಿ ನೈರೋಬಿಗೆ ಕಳುಹಿಸಬೇಕೆಂಬುದು ಕಾನೂನು. ಅಧಿಕಾರದಲ್ಲಿದ್ದ ಉಹುರು ಕೆನ್ಯಾಟಾ ಅವರಿಗೆ ಶೇಕಡಾ ೫೪, ರೈಲಾ ಒಡಿಂಗಾ ಅವರಿಗೆ ಶೇಕಡಾ ೪೪ಕ್ಕೂ ಮೀರಿ ಮತಗಳು ಬಂದುವೆಂದು ಆಗಸ್ಟ್ ೧೧ರಂದು ಘೋಷಿತವಾಯಿತು.

ಕಾರ್ಟರ್ ಸೆಂಟರ್, ಯುರೋಪಿಯನ್ ಒಕ್ಕೂಟ, ಆಫ್ರಿಕನ್ ಒಕ್ಕೂಟ, ಕಾಮನ್‌ವೆಲ್ತ್ ಮೊದಲಾದವುಗಳ ವೀಕ್ಷಕ ತಂಡಗಳು ಅಲ್ಲಿದ್ದುವು. ಜಾನ್ ಕೆರಿ, ಥಾಬೋ ಎಂಬೆಕಿ ಮುಂತಾದ ಹೆಸರಾಂತರು ಅವುಗಳ ನಾಯಕರು. ಮತದಾನವಾದ ಎರಡೇ ದಿನಗಳಲ್ಲಿ ಇವರ ಪ್ರಾಥಮಿಕ ಹೇಳಿಕೆಗಳು ಹೊರಬಿದ್ದುವು. ಎಣಿಕೆಯ ಸಂಕಲನ ಇನ್ನೂ ಮುಗಿದಿಲ್ಲವೆಂಬ ಎಚ್ಚರದ ಮಾತು ಅವುಗಳಲ್ಲಿ ಇದ್ದಿತು. ದೂರಿದ್ದವರು ನ್ಯಾಯಾಲಯಕ್ಕೆ ಹೋಗಲಿ ಎಂಬ ಸಲಹೆಯೂ ಇದ್ದಿತು. ಆದರೆ ಜನರ ಕಿವಿಗೆ ಮುಟ್ಟಿದ್ದು ಹೊಗಳಿಕೆ ಮಾತ್ರ.

ಸೆಪ್ಟೆಂಬರ್ ೧ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರ ನೇತೃತ್ವದ ಸರ್ವೋಚ್ಚ ನ್ಯಾಯಾಲಯ ನಾಲ್ಕಕ್ಕೆ ಎರಡರ ಬಹುಮತದಿಂದ ಆ ಚುನಾವಣೆಯನ್ನು ರದ್ದುಪಡಿಸಿತು. ಆಫ್ರಿಕದಲ್ಲಿ ನ್ಯಾಯಾಲಯವೊಂದು ಅಧ್ಯಕ್ಷ ಚುನಾವಣೆಯನ್ನು ಹೀಗೆ ರದ್ದುಮಾಡಿದ್ದು ಅದೇ ಮೊದಲು.

೩. ಕಂಡುದು ಮತ್ತು ಕಾಣದುದು

ಹಾಗಾದರೆ ವೀಕ್ಷಕರು ಸುಳ್ಳು ಹೇಳಿದರೇ? ಇಲ್ಲ. ಅವರು ಕಂಡುದು ನಿಜ: ಬೆಳಗಿನ ಜಾವದಿಂದಲೇ ಸಾಲುನಿಂತ ಮತದಾರರು, ಎಲ್ಲರೆದುರು ನಡೆದ ಎಣಿಕೆ. ಆದರೆ ನ್ಯಾಯಾಲಯ ದೋಷವನ್ನು ಕಂಡುದು ಮತಗಟ್ಟೆಯಲ್ಲಿ ಅಲ್ಲ, ಅಲ್ಲಿಂದ ನೈರೋಬಿಯವರೆಗಿನ ದಾರಿಯಲ್ಲಿ. ಸಾವಿರಾರು ನಮೂನೆಗಳು ಕೈಸೇರುವ ಮೊದಲೇ ಫಲಿತಾಂಶ ಘೋಷಿತವಾಗಿತ್ತು. ಪರೀಕ್ಷಿಸಿದ ಕೆಲವು ನಮೂನೆಗಳಲ್ಲಿ ಇರಬೇಕಾದ ಭದ್ರತಾ ಚಿಹ್ನೆಗಳಿರಲಿಲ್ಲ. ಗಣಕಯಂತ್ರದ ದಾಖಲೆಗಳನ್ನು ತೋರಿಸಿರೆಂಬ ನ್ಯಾಯಾಲಯದ ಆಜ್ಞೆಯನ್ನು ಚುನಾವಣಾ ಆಯೋಗ ಪೂರ್ಣವಾಗಿ ಪಾಲಿಸಲಿಲ್ಲ. ಮತದಾನಕ್ಕೆ ಕೆಲವೇ ದಿನಗಳ ಮುಂಚೆ ಆಯೋಗದ ಗಣಕ ವಿಭಾಗದ ಹಿರಿಯ ಅಧಿಕಾರಿ ಕ್ರಿಸ್ ಎಂಸಾಂಡೊ ಕೊಲೆಯಾಗಿದ್ದುದು ಜನರ ಸಂಶಯವನ್ನು ಇಮ್ಮಡಿಗೊಳಿಸಿತ್ತು.

ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಅಳಿಸಲಾಗದ ಶಾಯಿ ೧೯೬೨ರಿಂದ ಭಾರತದ ಮತದಾರರ ಬೆರಳನ್ನು ಗುರುತಿಸುತ್ತ ಬಂದಿದೆ. ಆಫ್ರಿಕ, ಏಷ್ಯಗಳ ಹಲವು ದೇಶಗಳಿಗೂ ಹೋಗುತ್ತದೆ. ಒಬ್ಬನೇ ಎರಡು ಸಲ ಮತ ಹಾಕುವ ಮೋಸವನ್ನು ಅದು ತಡೆಯಬಲ್ಲುದು. ಬೆರಳಿನ ಗುರುತು ಯಾರ ಕಣ್ಣಿಗಾದರೂ ಬೀಳುತ್ತದೆ. ತಂತಿಯೊಳಗೆ ಹರಿಯುವ ಅಂಕಿ ಹಾಗೆ ಕಾಣಿಸದು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಮರೆಯಬಾರದು. ಸ್ಥಳೀಯ ವೀಕ್ಷಕರ ಒಕ್ಕೂಟವೊಂದು ನಿಕರಾಗುವಾದ ಕ್ರಮದಲ್ಲಿಯೇ ಮಾಡಿದ ಅಂದಾಜು ಘೋಷಿತ ಫಲಿತಾಂಶಕ್ಕೆ ತೀರ ಹತ್ತಿರವಾಗಿತ್ತು. ಭಿನ್ನಮತ ಬರೆದ ನ್ಯಾಯಮೂರ್ತಿಗಳು ಮತದಾರರ ಇಚ್ಛೆಗೆ ಭಂಗ ಬಂದುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದರು. ಬಹುಮತದ ನ್ಯಾಯಮೂರ್ತಿಗಳಾದರೋ, ಚುನಾವಣೆ ಒಂದು ಘಟನೆಯಲ್ಲ, ಪ್ರಕ್ರಿಯೆ. ಉತ್ತರ ಸರಿಯಿರಬಹುದೆಂಬ ಕಾರಣದಿಂದ ಲೆಕ್ಕ ಮಾಡಿದ ಕ್ರಮವನ್ನು ಮರೆಮಾಡುವಂತಿಲ್ಲ ಎಂಬ ನಿಲುವನ್ನು ತಳೆದರು. ನಮಗೆ ಈ ನಿಲುವೇ ಯುಕ್ತವಾಗಿ ತೋರುತ್ತದೆ. ಸೋತವನನ್ನು ಸಮಾಧಾನಪಡಿಸಬೇಕಾದುದು ಉತ್ತರವಲ್ಲ, ಲೆಕ್ಕ.

೪. ವೀಕ್ಷಣೆಯ ತೊಡಕುಗಳು

ಈ ನಿದರ್ಶನದಿಂದ ಹೊರಡುವ ತೊಡಕುಗಳು ಮುಖ್ಯವಾಗಿ ಮೂರು. ಮೊದಲನೆಯದು ಕಾಲದ್ದು. ಲೋಕ ಎರಡು ದಿನಗಳಲ್ಲಿ ಅಭಿಪ್ರಾಯವನ್ನು ಬಯಸುತ್ತದೆ; ತಕರಾರಿನ ಸತ್ಯ ಹೊರಬೀಳಲು ವಾರಗಳು ಬೇಕು. ಎರಡನೆಯದು ಶಾಂತಿಯ ಆಸೆ. ೨೦೦೭ರ ರಕ್ತಪಾತವನ್ನು ನೆನೆದವರು ‘ಎಲ್ಲ ಸರಿಯಾಯಿತು’ ಎನ್ನಲು ಆತುರಪಡುವುದು ಸಹಜ. ಆದರೆ ಅಕಾಲದ ಸಮಾಧಾನ ಕೆಲವೊಮ್ಮೆ ದೂರಿನ ಬಾಯಿ ಮುಚ್ಚಿಸುತ್ತದೆ. ಮುಚ್ಚಿದ ದೂರು ಬೀದಿಗೆ ಬರುತ್ತದೆ. ಮೂರನೆಯದು ವೀಕ್ಷಕರೊಳಗಿನ ಭೇದ. ೨೦೧೩ರಲ್ಲಿ ಅಜರ್‌ಬೈಜಾನಿನ ಅಧ್ಯಕ್ಷ ಚುನಾವಣೆಯನ್ನು ಯುರೋಪಿನ ಸಂಸದರ ತಂಡ ಮುಕ್ತವೂ ನ್ಯಾಯವೂ ಆದುದೆಂದು ಹೊಗಳಿತು. ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ವೃತ್ತಿನಿಷ್ಠ ವೀಕ್ಷಕರು ತಾವು ನೋಡಿದ ಎಣಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೆಟ್ಟದಾಗಿ ನಡೆದುವೆಂದು ವರದಿಮಾಡಿದರು. ಇಂತಹ ಸಂದರ್ಭದಲ್ಲಿ ಸರ್ಕಾರ ತನಗೆ ಬೇಕಾದ ಮಾತನ್ನು ಆರಿಸಿಕೊಳ್ಳುತ್ತದೆ.

೫. ಉಪಸಂಹಾರ

ತೀರ್ಪಿನಿಂದ ಕೀನ್ಯಾದ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಅಕ್ಟೋಬರ್ ೨೬ರ ಮರುಚುನಾವಣೆಯನ್ನು ಒಡಿಂಗಾ ಬಹಿಷ್ಕರಿಸಿದರು; ಮತ ಹಾಕಿದವರು ಶೇಕಡಾ ೪೦ನ್ನೂ ಮುಟ್ಟಲಿಲ್ಲ; ಗಲಭೆಗಳಲ್ಲಿ ಪ್ರಾಣಹಾನಿಯಾಯಿತು. ಆದರೂ ೨೦೨೨ರ ಆಗಸ್ಟಿನ ಚುನಾವಣೆಯಲ್ಲಿ ಒಂದು ಹೊಸ ಕ್ರಮ ಕಂಡಿತು. ೪೬,೦೦೦ಕ್ಕೂ ಮೀರಿದ ಮತಗಟ್ಟೆಗಳ ೩೪-ಎ ನಮೂನೆಗಳ ಪ್ರತಿಗಳನ್ನು ಆಯೋಗ ಬಂದಂತೆಲ್ಲ ಸಾರ್ವಜನಿಕರ ಮುಂದಿಟ್ಟಿತು. ಪತ್ರಿಕೆಗಳವರೂ ವಿದ್ಯಾರ್ಥಿಗಳೂ ಯಾರು ಬೇಕಾದರೂ ಕೂಡಿ ನೋಡಬಹುದಾಯಿತು. ವಿಲಿಯಂ ರೂಟೋ ಅವರ ಗೆಲುವನ್ನು ಏಳು ಆಯುಕ್ತರಲ್ಲಿ ನಾಲ್ವರು ಒಪ್ಪದೆ ಹೊರನಡೆದರು, ಒಡಿಂಗಾ ಮತ್ತೆ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ಈ ಸಲ ಫಲಿತಾಂಶವನ್ನು ಒಮ್ಮತದಿಂದ ಎತ್ತಿಹಿಡಿಯಿತು. ೨೦೦೭ರ ಹಿಂಸೆ ಮರುಕಳಿಸಲಿಲ್ಲ.

ಇದರಿಂದ ವೀಕ್ಷಣೆ ನಿರರ್ಥಕವೆಂಬ ನಿರ್ಣಯಕ್ಕೆ ನಾವು ಬರುವುದಿಲ್ಲ. ಹೊರಗಿನ ಕಣ್ಣು ಇರುವೆಡೆ ಬಹಿರಂಗ ಮೋಸ ಹಿಂಜರಿಯುತ್ತದೆ. ಆದರೆ ವೀಕ್ಷಕನು ತಾನು ಕಂಡುದನ್ನು ಹೇಳುವಷ್ಟೇ ಸ್ಪಷ್ಟವಾಗಿ ಕಾಣದುದನ್ನೂ ಹೇಳಬೇಕು. ಪ್ರಜಾಪ್ರಭುತ್ವದಲ್ಲಿ ನಂಬಿಕೆ ಅತಿಥಿಯ ಪ್ರಶಂಸಾಪತ್ರದಿಂದ ಬರುವುದಲ್ಲ. ಲೆಕ್ಕದ ಹಾಳೆ ಮನೆಯವರ ಕೈಗೆ ಸಿಕ್ಕಾಗ ಬರುವುದು.